ಸ್ಟೆಪ್ನಿಯ ಹಿಂದಿದ್ದ ಬಾಗಿಲು

ಕಬ್ಬಿಣ ಇರುವ ಕಡೆ ದೆವ್ವ ಸುಳಿಯುವುದಿಲ್ಲ ಎಂದು ನಮ್ಮ ಕಡೆ ಜನ ನಂಬುತ್ತಾರೆ. ಇಪ್ಪತ್ತಾರು ವರ್ಷದಿಂದ ಕಬ್ಬಿಣದ ಮಧ್ಯೆಯೇ ಇರುವ ನನಗೆ ಅದನ್ನು ಕೇಳಿದಾಗಲೆಲ್ಲ ನಗು ಬರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೈಲರು, ಏನು ತಂದರೂ ಮಾಡಿಕೊಡುತ್ತೇನೆ. ಆಕ್ಸಿಡೆಂಟಾದ ಗಾಡಿ ತಂದವರು "ಆ ತಿರುವಿನಲ್ಲಿ ಏನೋ ಅಡ್ಡ ಬಂದಂಗಾಯ್ತು" ಎಂದರೆ, "ಎಷ್ಟು ಕುಡಿದಿದ್ದೆ?" ಎಂದು ಕೇಳುತ್ತಿದ್ದವನು ನಾನು. ಈಗಲೂ ದೆವ್ವ ಇದೆ ಎಂದು ವಾದಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಬಿಡುವುದಿಲ್ಲ.

ನನಗಿರುವವನು ಒಬ್ಬನೇ ಅಣ್ಣ. ನಮ್ಮೂರು ದೊಡ್ಡಬೆಳವಂಗಲ ದಾಟಿ ಇನ್ನೂ ಸ್ವಲ್ಪ ಒಳಗೆ. ಅಮ್ಮ, ಅಣ್ಣ, ಅತ್ತಿಗೆ ಅಲ್ಲಿದ್ದರು. ಕೆಲವು ವರ್ಷಗಳ ಹಿಂದೆ ಅಣ್ಣ ಒಂದು ಹಳೇ ಜೀಪು ತಂದ. ತಗಡಿನ ಬಾಡಿ, ಮುಂದೆ ಎರಡು ಬಾಗಿಲು, ಹಿಂದೆ ಒಂದೇ ಒಂದು. ಸ್ಟೆಪ್ನಿ ಟೈರು ಒಳಗಡೆ, ಹಿಂದಿನ ಸೀಟಿನ ಕಾಲ ಹತ್ತಿರ ಬಿದ್ದಿರುತ್ತಿತ್ತು. ಅಮ್ಮನಿಗೆ ಮಂಡಿ ನೋವು. ಗಾಡಿ ಹತ್ತಿದಾಗಲೆಲ್ಲ ಆ ಟೈರಿಗೆ ಬೈಯುತ್ತಿದ್ದಳು. "ಇದನ್ನ ಆಚೆ ಎಲ್ಲಾದ್ರೂ ನೇತು ಹಾಕ್ರಪ್ಪಾ, ನಾನು ಕಾಲೆಲ್ಲಿ ಇಡ್ಲಿ?"

ಹಾಗಾಗಿ ಅಣ್ಣ ಜೀಪನ್ನು ನನ್ನ ಅಂಗಡಿಗೆ ತಂದ. ಹಿಂದಿನ ಬಾಗಿಲ ಆಚೆಗೆ ಸ್ಟೆಪ್ನಿ ಕೂರಲು ಒಂದು ಸ್ಟ್ಯಾಂಡು ಮಾಡಿದೆ. ಬಾಗಿಲಿನ ತಗಡು ಅಷ್ಟು ಭಾರ ತಡೆಯುವುದಿಲ್ಲ. ಅದಕ್ಕೇ ಸ್ಟ್ಯಾಂಡನ್ನು ಜೀಪಿನ ಬಾಡಿಯ ಅಂಚಿಗೇ ಹಿಂಜು, ಅಂದರೆ ತಿರುಗುವ ಕೀಲು, ಹಾಕಿ ಕೂರಿಸಿದೆ. ಬಾಗಿಲು ತೆಗೆಯಬೇಕಾದರೆ ಮೊದಲು ಸ್ಟ್ಯಾಂಡನ್ನು ಹಿಡಿದಿಡುವ ಪಿನ್ನು ಎಳೆದು ಅದನ್ನು ಗೇಟಿನ ಹಾಗೆ ಪಕ್ಕಕ್ಕೆ ತಳ್ಳಬೇಕು, ಆಮೇಲೆ ಬಾಗಿಲು. ಅಂಥ ಭಾರಕ್ಕೆ ಬೇರೆ ಥರದ ಹಿಂಜು ಬೇಕೆಂದು ನನಗೆ ಗೊತ್ತಿತ್ತು. ಬೆಂಗಳೂರಿನಿಂದ ತರಿಸಬೇಕಿತ್ತು. ಅಣ್ಣನ ಗಾಡಿ ತಾನೇ, ನಡೆಯುತ್ತೆ ಬಿಡು ಎಂದು ಕೈಗೆ ಸಿಕ್ಕ ಮನೆ ಗೇಟಿನ ಹಿಂಜನ್ನೇ ಹಾಕಿದೆ. ಇದು ನನ್ನ ತಪ್ಪು.

ಅಣ್ಣನ ತಪ್ಪು ಏನೆಂದರೆ, ಮುಂದಿನ ವರ್ಷ ನನಗೆ ಹೇಳದೆ ಗಾಡಿಗೆಲ್ಲ ದೊಡ್ಡ ಟೈರು ಹಾಕಿಸಿದ. ಸ್ಟೆಪ್ನಿಯೂ ದೊಡ್ಡದಾಯಿತು. ಸ್ಟ್ಯಾಂಡು ಒಂದು ಬೆರಳಿನಷ್ಟು ಕೆಳಗೆ ಜೋತುಬಿತ್ತು. ಪಿನ್ನು ಬಿಗಿಯಾಗಿ ಕೂತು, ಟೈರಿನ ಅಡಿಗೆ ಮಂಡಿ ಕೊಟ್ಟು ಮೇಲೆತ್ತಿದರೆ ಮಾತ್ರ ಈಚೆ ಬರುತ್ತಿತ್ತು. ಗಾಡಿ ತಗೊಂಡು ಬಾ, ಸರಿ ಮಾಡ್ತೀನಿ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಕೊಯ್ಲು ಮುಗೀಲಿ ಎಂದು ಅವನು ಅಂದಿದ್ದ. ಕೊಯ್ಲು ಮುಗಿಯಿತು. ಅವನು ತರಲೂ ಇಲ್ಲ, ನಾನು ಮತ್ತೆ ಕೇಳಲೂ ಇಲ್ಲ.

ಒಂದು ಬೆಳಿಗ್ಗೆ ಅಮ್ಮನಿಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸಿಗೆ ಕಾಯುವುದು ಬೇಡವೆಂದು ಅಣ್ಣ ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅತ್ತಿಗೆಯನ್ನು ಜೊತೆಗೆ ಕೂರಿಸಿ ಹೊರಟ. ನನಗೆ ಫೋನು ಮಾಡಿದ್ದ. ನಾನು ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದುಕೊಂಡು ನಿಂತಿದ್ದೆ. ಜೀಪು ಬಂದು ನಿಂತ ತಕ್ಷಣ ಹಿಂದಕ್ಕೆ ಓಡಿ ಪಿನ್ನಿಗೆ ಕೈ ಹಾಕಿದೆ. ಬರಲಿಲ್ಲ. ಮಂಡಿ ಕೊಟ್ಟು ಎತ್ತಿದೆ. ಬರಲಿಲ್ಲ. ಅಣ್ಣ ಇಳಿದು ಬಂದು ಅವನೂ ಎತ್ತಿದ. ಆಗ ಒಳಗಿನಿಂದ ಬಾಗಿಲು ತಟ್ಟುವ ಸದ್ದು ಕೇಳಿಸಿತು. ಗಾಬರಿಯಿಂದ ಬಡಿಯುವ ಸದ್ದಲ್ಲ. ಮೂರು ಸಲ ನಿಧಾನವಾಗಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಬಚ್ಚಲಿನಲ್ಲಿ ಯಾರಾದರೂ ಇದ್ದರೆ ಅಮ್ಮ ಹಾಗೆಯೇ ತಟ್ಟುತ್ತಿದ್ದಳು. "ಅಮ್ಮಾ, ಬಂದೆ ಇರು, ತೆಗೀತಿದೀನಿ" ಎಂದು ನಾನು ಕೂಗಿದ್ದು ನೆನಪಿದೆ. ಅಣ್ಣನೂ ಆ ಸದ್ದಿಗೆ ಒಂದು ಕ್ಷಣ ತಲೆಯೆತ್ತಿ ನೋಡಿದ್ದ.

ಹತ್ತು ನಿಮಿಷವಾದರೂ ಆಗಿರಬೇಕು. ಕೊನೆಗೆ ಮುಂದಿನ ಸೀಟು ಮಡಚಿ, ನಾಲ್ಕು ಜನ ಸೇರಿ ಅಮ್ಮನನ್ನು ಅಡ್ಡಡ್ಡ ಎಳೆದುಕೊಂಡೆವು. ಡಾಕ್ಟರು ನೋಡಿ, ಪ್ರಾಣ ಹೋಗಿದೆ ಎಂದರು. ಅಣ್ಣ ಅಲ್ಲೇ, ಅಷ್ಟು ಜನರ ಎದುರಿಗೆ, ನನ್ನ ಕಡೆ ತಿರುಗಿದ. "ನೋಡ್ಕೊಳ್ಳೋ ನಿನ್ನ ಕೈಕೆಲಸ. ನೀನೇ ಕಣೋ ಸಾಯಿಸಿದ್ದು" ಎಂದ. ಅವನ ಟೈರಿನ ಮಾತು ನನ್ನ ಬಾಯಿಗೆ ಬಂತು, ಆಡಿಯೂಬಿಟ್ಟೆ. ಅಮ್ಮನ ಹೆಣ ಪಕ್ಕದಲ್ಲಿರುವಾಗ ನಾವಿಬ್ಬರೂ ಹಿಂಜಿನ ವಿಷಯಕ್ಕೆ ಕೂಗಾಡಿದೆವು. ತಿಥಿಯ ದಿನ ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ. ಆಮೇಲೆ ಮೂರು ವರ್ಷ ಮಾತಿಲ್ಲ.

ಆ ಮೂರು ವರ್ಷ ನನ್ನನ್ನು ತಿಂದದ್ದು ಆ ತಟ್ಟಿದ ಸದ್ದು. ಅವಳು ಬದುಕಿದ್ದಳು, ತೆಗೀರಿ ಎಂದು ಕೇಳುತ್ತಿದ್ದಳು, ಆ ಸ್ಟ್ಯಾಂಡು ಮಾಡಿದವನಿಗೇ ತೆಗೆಯಲಾಗಲಿಲ್ಲ. ಊಟಕ್ಕೆ ಕೂತರೂ ಇದೇ.

ಮೂರನೇ ವರ್ಷ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಅಣ್ಣನ ಜೀಪು ನನ್ನ ಅಂಗಡಿ ಮುಂದೆ ಬಂದು ನಿಂತಿತು. ಇಳಿದವನು ನನ್ನ ಮುಖ ನೋಡಲಿಲ್ಲ. ಗಾಡಿ ಮಾರಿದ್ದೇನೆ, ತಗೊಳ್ಳೋರಿಗೆ ಈ ಸ್ಟ್ಯಾಂಡು ಬೇಡವಂತೆ ಎಂದ. "ನೀನು ಹಾಕಿದ್ದು, ನೀನೇ ಕಿತ್ತಾಕು. ಬೇರೆಯವ್ರ ಕೈಲಿ ಮಾಡಿಸಲ್ಲ ನಾನು."

ಕರೆಂಟಿರಲಿಲ್ಲ. ಬರೋವರೆಗೂ ಕೂತಿರು ಎಂದೆ. ಅವನು ಬಾಗಿಲ ಹತ್ತಿರದ ಕಬ್ಬಿಣದ ರಾಶಿಯ ಮೇಲೆ ಕೂತ, ನಾನು ಒಳಗೆ ಸ್ಟೂಲಿನ ಮೇಲೆ. ಜೀಪನ್ನು ಶೀಟಿನ ನೆರಳಿಗೆ ತಂದು ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಗ್ರೈಂಡರಿನ ಸದ್ದಿಲ್ಲದ ಅಂಗಡಿ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅಣ್ಣ ಬೀಡಿ ಹಚ್ಚಿದ. ಎರಡು ದಮ್ಮು ಎಳೆದಿರಬೇಕು. ಆಗ ಜೀಪಿನ ಒಳಗಿನಿಂದ, ಹಿಂದಿನ ಬಾಗಿಲನ್ನು ಯಾರೋ ತಟ್ಟಿದರು.

ಮೂರು ಸಲ. ಸ್ವಲ್ಪ ಬಿಟ್ಟು ಮೂರು ಸಲ.

ನಾನು ಕೂತಲ್ಲಿಂದ ಏಳಲಿಲ್ಲ. ನಾನು ನೋಡಿದ್ದು ಅಣ್ಣನನ್ನು. ಅವನ ಕೈಯಿಂದ ಬೀಡಿ ಕೆಳಗೆ ಬಿತ್ತು. ಎದ್ದು ನೇರ ಜೀಪಿನ ಹಿಂದಕ್ಕೆ ಹೋದ, ಟೈರಿನ ಅಡಿಗೆ ಮಂಡಿ ಕೊಟ್ಟ, ಪಿನ್ನು ಎಳೆದ. ಬೆಣ್ಣೆಯಲ್ಲಿ ಇಟ್ಟಿದ್ದ ಹಾಗೆ ಅದು ಈಚೆ ಬಂತು. ಸ್ಟ್ಯಾಂಡು ತಳ್ಳಿ ಬಾಗಿಲು ತೆಗೆದ. ಒಳಗೆ ಒಂದು ಗೋಣಿಚೀಲ, ಒಂದು ಜಾಕು. ಬೇರೇನೂ ಇಲ್ಲ. ಅಣ್ಣ ತಲೆ ಒಳಗೆ ಹಾಕಿ ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಮೆಲ್ಲಗೆ ಬಾಗಿಲು ಮುಚ್ಚಿದ, ಒಳಗೆ ಮಲಗಿರುವವರಿಗೆ ಎಚ್ಚರವಾಗದಂತೆ ಮುಚ್ಚುತ್ತಾರಲ್ಲ, ಹಾಗೆ.

"ನಿಂಗೂ ಕೇಳಿಸ್ತಾ?" ಎಂದೆ. ಮೂರು ವರ್ಷದ ಮೇಲೆ ನಾನಾಗಿ ಅವನನ್ನು ಕೇಳಿದ ಮೊದಲ ಪ್ರಶ್ನೆ.

"ಏನು?" ಎಂದ.

ಅಷ್ಟರಲ್ಲಿ ಕರೆಂಟು ಬಂತು. "ಕಟ್ ಮಾಡು, ಹೊತ್ತಾಯ್ತು" ಎಂದ. ಗ್ರೈಂಡರ್ ಹಿಡಿದು ಕಟ್ ಮಾಡಿದೆ. ಅಣ್ಣ ಸ್ಟೆಪ್ನಿಯನ್ನು ಒಳಗೆ ಎಸೆದುಕೊಂಡು ಹೋಗಿಬಿಟ್ಟ. ಸ್ಟ್ಯಾಂಡನ್ನು ಅದೇ ವಾರ ಗುಜರಿಗೆ ಹಾಕಿದೆ.

ಬಿಸಿಲಿಗೆ ಕಾದ ತಗಡು ನೆರಳಿಗೆ ಬಂದಾಗ ಟಿಕ್ ಟಿಕ್ ಎನ್ನುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಆ ಸದ್ದೇ ಬೇರೆ, ಅದಕ್ಕೆ ಎಣಿಕೆ ಇರುವುದಿಲ್ಲ. ಇಲಿ ಇರಬಹುದೆಂದುಕೊಂಡೆ. ಇದ್ದಿದ್ದರೆ ಬಾಗಿಲು ತೆಗೆದಾಗ ಹಾರಬೇಕಿತ್ತು. ಇನ್ಯಾವುದೋ ಹಳೇ ಜೀಪಿನ ಬಾಗಿಲೊಂದು ಅಂಗಡಿಯಲ್ಲಿತ್ತು. ಅದನ್ನು ನಿಲ್ಲಿಸಿಕೊಂಡು ಸ್ಪ್ಯಾನರಿನಿಂದ, ಮರದ ತುಂಡಿನಿಂದ, ಬೆರಳ ಗಿಣ್ಣಿನಿಂದ ತಟ್ಟಿ ನೋಡಿದೆ. ಗಿಣ್ಣಿನ ಸದ್ದು ಮಾತ್ರ ಅದಕ್ಕೆ ಹತ್ತಿರವಿತ್ತು.

ಕಳೆದ ವರ್ಷ ನೆಂಟರ ಮದುವೆಯೊಂದರಲ್ಲಿ ಅತ್ತಿಗೆ ಸಿಕ್ಕರು. ಅಣ್ಣ ಬಂದಿರಲಿಲ್ಲ. ಊಟದ ಹಾಲಿನ ಹೊರಗೆ ಅವರೊಬ್ಬರೇ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. "ಅತ್ತಿಗೆ, ಅವತ್ತು ಬಾಗ್ಲು ತೆಗಿಯೋಕೆ ಆಗ್ದೇ ಇದ್ದಾಗ ಅಮ್ಮ ಒಳಗಿಂದ ತಟ್ತಿದ್ಳಲ್ಲ, ತುಂಬಾ ನೋವಲ್ಲಿದ್ಳಾ?"

ಅತ್ತಿಗೆ ನನ್ನನ್ನೇ ನೋಡಿದರು. "ಯಾರು ತಟ್ಟಿದ್ರು?" ಎಂದರು. "ಅತ್ತೆ ದಾರೀಲಿ ಕೆರೆ ಏರಿ ಮೇಲೇ ಜೀವ ಬಿಟ್ಟಿದ್ರು ಕಣಪ್ಪಾ. ಬೆಳವಂಗಲ ಬರೋಕ್ ಮುಂಚೆನೇ. ಅವ್ರ ತಲೆ ನನ್ನ ತೊಡೆ ಮೇಲಿತ್ತು, ಎರಡೂ ಕೈ ನಾನು ಹಿಡ್ಕೊಂಡಿದ್ದೆ. ನಾನೂ ತಟ್ಟಲಿಲ್ಲ. ಅಳ್ತಾ ಕೂತಿದ್ದೆ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಸೆರಗು ಬಾಯಿಗೆ ಹಿಡಿದುಕೊಂಡರು. "ಅವತ್ತು ರಾತ್ರಿನೇ ನಿಮ್ಮಣ್ಣಂಗೆ ಹೇಳ್ದೆ. ನಿಂಗೆ ಹೇಳ್ಕೂಡ್ದು ಅಂದ್ರು."

ಹತ್ತು ನಿಮಿಷ ತಡವಾದದ್ದರಿಂದ ಅಮ್ಮ ಸತ್ತಿರಲಿಲ್ಲ. ಅದು ಅಣ್ಣನಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಕೊಂದವನು ಎಂಬ ಹೆಸರನ್ನು ನನ್ನ ಮೇಲೆಯೇ ಬಿಟ್ಟಿದ್ದ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದು ತೋರಿಸಲು ನನ್ನಿಂದಾಗದು. ಮದುವೆ ಮನೆಯಿಂದ ಹಾಗೇ ಊರಿಗೆ ಹೋದೆ.

ಅಣ್ಣ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ನೋಡಿ ನಿಂತ. ಏನೆಲ್ಲ ಕೂಗಬೇಕೆಂದು ಹೋಗಿದ್ದೆನೋ ಅದೊಂದೂ ಬರಲಿಲ್ಲ. "ಅಮ್ಮ ದಾರೀಲೇ ಹೋಗಿದ್ದು ಯಾಕೋ ನಂಗೆ ಹೇಳ್ಲಿಲ್ಲ?" ಎಂದಷ್ಟೇ ಕೇಳಿದೆ.

ಕೈಯಲ್ಲಿದ್ದ ಹುಲ್ಲನ್ನು ಅವನು ಕೆಳಗಿಡಲಿಲ್ಲ. "ಹೇಳಿದ್ರೆ, ಹಂಗಾದ್ರೆ ಬಾಗ್ಲು ತಟ್ಟಿದ್ಯಾರು ಅಂತ ನೀನು ಕೇಳ್ತಿದ್ದೆ" ಎಂದ.

"ಅದಕ್ಕೆ ನಾನು ಸಾಯಿಸ್ದೆ ಅಂತ ಇಟ್ಕೊಂಡ್ಯಾ?"

ಹಸು ಅವನ ಕೈಯಿಂದಲೇ ಹುಲ್ಲು ಎಳೆದು ತಿನ್ನುತ್ತಿತ್ತು. ಕೂತ್ಕೋ ಎಂದು ಅವನು ಅನ್ನಲಿಲ್ಲ, ಅಂದಿದ್ದರೂ ನಾನು ಕೂರುತ್ತಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ಬಂದೆ.

ಅವನಿಗೂ ಕೇಳಿಸಿತ್ತು ಎಂಬುದೊಂದು ಅವನ ಬಾಯಿಂದಲೇ ಗೊತ್ತಾಯಿತು. ತಟ್ಟಿದ್ದು ಯಾರು, ಏನು ಬೇಕಾಗಿತ್ತು, ಅದು ನಮ್ಮಿಬ್ಬರಲ್ಲಿ ಯಾರನ್ನು ಕರೆದದ್ದು, ನನಗೆ ಗೊತ್ತಿಲ್ಲ. ನನ್ನ ಜೊತೆ ಕೂತು ಇದನ್ನು ಯೋಚಿಸಬಹುದಾದವನು ಅವನೊಬ್ಬನೇ, ಅವನ ಜೊತೆ ನನಗೆ ಮಾತಿಲ್ಲ.