ಕೊಂಬು ಮುರಿದ ಕಾಡುಕೋಣ

ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಸೋಮವಾರ ಮುಖ ಊದಿಸಿಕೊಂಡು ಶಾಲೆಯ ಜೀಪು ಹತ್ತುತ್ತಿದ್ದಳು. ಶನಿವಾರ ಮಾತ್ರ ನಗು, ಅಂದು ಹವ್ಯಾಸದ ತರಗತಿ. ತೋಟದಲ್ಲಿ ಕಿತ್ತುಹಾಕಿದ ಕಾಫಿ ಬೊಡ್ಡೆಯೊಂದರಲ್ಲಿ ಅವಳು ಕಾಡುಕೋಣ ಕೆತ್ತುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಅವಳ ಬಿಳಿ ಕಾಲರಿನ ತುಂಬ ರಕ್ತ. ಒದ್ದೆ ಹತ್ತಿಯಿಂದ ಕತ್ತು ಒರೆಸಿದೆ. ಗಾಯವೇ ಸಿಗಲಿಲ್ಲ.

"ಹುಡುಕ್ಬೇಡ ಅಮ್ಮ, ಅದು ನನ್ ರಕ್ತ ಅಲ್ಲ."

ಜೀಪಿನಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ, "ಇದೇನ್ ಮಾರಾಯ್ತಿ, ಹಂದಿನಾ?" ಎಂದು, ರಾತ್ರಿ ಕೆತ್ತಿ ಮುಗಿಸಲು ಅವಳು ಮನೆಗೆ ತರುತ್ತಿದ್ದ ಕೋಣವನ್ನು ಕಸಿದುಕೊಂಡು ಕೊಂಬುಗಳನ್ನು ಮುರಿದನಂತೆ. ಇವಳು ಅದನ್ನೇ ಕಿತ್ತುಕೊಂಡು ಅವನ ಬಾಯಿಗೆ ಬಾರಿಸಿದ್ದಳು, ಡ್ರೈವರ್ ಜೀಪು ನಿಲ್ಲಿಸಿ ಬಿಡಿಸುವವರೆಗೂ.

"ಅವನ ಹಲ್ಲು ಹೋಯ್ತೇನೇ?"

"ಎರಡು. ಕೊಂಬೂ ಎರಡಿತ್ತಲ್ಲ."

ಕಾನ್ವೆಂಟಿನಲ್ಲಿ ಜೋರಾಗಿ ನಗುವುದನ್ನೂ ತಪ್ಪೆಂದು ಕಲಿತವಳು ನಾನು. ಮುಂದಿನ ಸಲ ಇವಳ ಕೈಯಲ್ಲಿ ಬೊಡ್ಡೆಯ ಬದಲು ಉಳಿ ಇದ್ದರೆ? ಮರುದಿನ ಬೆಳಿಗ್ಗೆ ಉಳಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಹಂಗಾದ್ರೆ ಇನ್ ಕೆತ್ತೋ ಹಂಗೇ ಇಲ್ವಾ?" ಎಂದಳು. ನಾನು ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ. ಅವಳು ಅಳಲಿಲ್ಲ, ಶೂ ಹಾಕಿದ ಕಾಲಿನಿಂದ ಬೀರುವನ್ನು ಒದ್ದಳು. ತಗಡು ಒಳಗೆ ಹೋಗುವವರೆಗೂ ಒದ್ದಳು. ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಕೊಡಲಿಲ್ಲ.

ಈಗಲೂ ಬೀರುವಿನ ಧೂಳು ಒರೆಸುವಾಗ ಕೈಯಲ್ಲಿನ ಬಟ್ಟೆ ಆ ತಗ್ಗಿಗೆ ಇಳಿಯುತ್ತದೆ.