ಬೇಟೆನಾಯಿಯ ಮನೆಯಲ್ಲಿ ಅಹಿಂಸೆ

ಬನಹಟ್ಟಿಯ ಯೋಗ ಶಿಬಿರ ಮುಗಿದ ಮರುದಿನ ಬೆಳಗ್ಗೆ ನಾನೂ ಗಿರಿಜಕ್ಕನೂ ಮುಧೋಳದ ಬಸ್ ಹತ್ತಿದೆವು. ಶಿಬಿರದಲ್ಲಿ ನಾನು ಆಸನಗಳನ್ನು ಕಲಿಸಿದ್ದೆ. ಅದೇ ಊರಿನವರಾದ ಗಿರಿಜಕ್ಕ ಅಹಿಂಸೆ, ಸತ್ಯ ಮೊದಲಾದ ಯಮ-ನಿಯಮಗಳನ್ನು ವಿವರಿಸಿದ್ದರು. ತಿಮ್ಮಾಪುರದ ಹತ್ತಿರ ತೋಟದ ಮನೆಯಲ್ಲಿರುವ ಅವರ ತಮ್ಮ ಬಸವರಾಜನನ್ನು ಕಂಡು ನಾನು ಹುಬ್ಬಳ್ಳಿಗೆ ಮರಳುವವಳಿದ್ದೆ.

ಒಳ್ಳೆಯ ಚಳಿಯಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ ತೆವಳುತ್ತ, ಮಹಾಲಿಂಗಪುರ ದಾಟುವಷ್ಟರಲ್ಲಿ ಬಿಸಿಲೇರಿತು. ಮುಧೋಳದಲ್ಲಿ ಇಳಿದು ಟಂಟಂ ಆಟೊ ಹಿಡಿದು ತೋಟದ ಮನೆ ಸೇರಿದೆವು.

ಬಸವರಾಜ ಮುಧೋಳ ನಾಯಿಗಳನ್ನು ಸಾಕಿ ಮಾರುತ್ತಾನೆ. ಅಂಗಳದಲ್ಲಿ ರಾಣಿ ಎಂಬ ಹೆಣ್ಣುನಾಯಿಯನ್ನು ಕಟ್ಟಿದ್ದ. ನಮಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆಮೊಸರು ಬಡಿಸಿದ. ತಾನು ಮಾತ್ರ ತುತ್ತು ಮುಟ್ಟಲಿಲ್ಲ.

"ಅಕ್ಕಾ, ರಾಣೀನ್ನ ಒಯ್ಯಾಕ ಇವತ್ತ ಬರ್ತಾರ. ಮೊಲಾ ಹಿಡಿಸಾಕ ಅಂತ ನಿನ್ನಿ ಗೊತ್ತಾತು. ಕೊಡ್ತೇನಿ ಅಂತ ಮಾತು ಕೊಟ್ಟಬಿಟ್ಟೇನಿ. ಅದರ ಕಾಲಿಗಿ ಪೆಟ್ಟಾಗೇತಿ ಅಂದುಬಿಡ್ಲೇನು?"

"ಹೇಳಿಬಿಡಿ, ಒಂದು ಜೀವ ಉಳಿಯುತ್ತದಲ್ಲ" ಎಂದೆ ನಾನು.

ಗಿರಿಜಕ್ಕ ಒಪ್ಪಲಿಲ್ಲ. "ನಾಳಿ ಬ್ಯಾರೆ ನಾಯಿ ಕೇಳಿದ್ರ ಏನ್ ಹೇಳ್ತಿ? ನಿನ್ನ ಮನಸ್ನ್ಯಾಗ ಇದ್ದದ್ದು ಹೇಳು, ತಮ್ಮಾ."

ಅಷ್ಟರಲ್ಲಿ ಜೀಪು ಬಂತು. ಇಳಿದವರು ಬೀಳಗಿ ಕಡೆಯ ದೊಡ್ಡ ಜಮೀನುದಾರರು. ರಾಣಿಯ ಬೆನ್ನು ಸವರಿ, "ಓಟ ಹೆಂಗೈತಿ?" ಎಂದರು.

"ಈ ಸುತ್ತಿನ್ಯಾಗ ಇದರಂಗ ಓಡೂ ನಾಯಿ ಇಲ್ರೀ" ಎಂದ ಬಸವರಾಜ. ಕೊಟ್ಟೇಬಿಡುತ್ತಾನೆ ಅಂದುಕೊಂಡೆ. ಅವನು ಕೈ ಮುಗಿದ. "ಆದ್ರ ನಿಮಗ ಕೊಡಂಗಿಲ್ರೀ. ನೀವು ಮೊಲಾ ಹಿಡಿಸ್ತೀರಿ, ಅದು ನನಗ ಆಗಂಗಿಲ್ಲ. ಮಾತು ಕೊಟ್ಟಿದ್ದು ಖರೆ. ತಪ್ಪಾತ್ರಿ."

"ಬೇಟಿ ನಾಯಿ ಸಾಕಿ ಪೂಜಾ ಮಾಡ್ತಿಯೇನಲೇ?" ಎಂದು ಗದರಿದ ಅವರು, ಅವನ ಬಾಗಿಲು ಮತ್ತೆ ತುಳಿಯುವುದಿಲ್ಲವೆಂದು ಹೇಳಿ ಹೊರಟುಹೋದರು.

ಬಸವರಾಜ ಕಟ್ಟೆಯ ಮೇಲೆ ಕುಸಿದು ಕೂತ. "ಚಲೋ ಗಿರಾಕಿ ಹೋದ್ರಲ್ಲ, ಅಕ್ಕಾ."

"ಹೋಗ್ಲಿ ಬಿಡು. ಈಗರೆ ಹಸಿವಾಗೇತೇನು?"

ಅವನಿಗೆ ನಗು ಬಂತು. "ಭಾಳ ಆಗೇತಿ ನೋಡ."

ಗಿರಿಜಕ್ಕ ಬಡಿಸುತ್ತ ಹೋದರು, ಅವನು ಉಣ್ಣುತ್ತ ಹೋದ. ಸುಳ್ಳು ಹೇಳಿಸಲು ಹೊರಟಿದ್ದ ನನಗೂ ಅವನನ್ನು ನೋಡುತ್ತ ಮನಸ್ಸು ಹಗುರಾಯಿತು.

ಸಂಜೆ ನಮ್ಮ ಟಂಟಂ ಹೊರಟಾಗ ಅವನು ರಾಣಿಯ ಹಗ್ಗ ಬಿಚ್ಚಿದ. ಕಬ್ಬು ಕಡಿದು ಬಯಲಾದ ಹೊಲದಲ್ಲಿ ಅವಳು ಬಾಣದಂತೆ ಓಡಿದಳು. ಎದುರಿಗೆ ಮೊಲವಿರಲಿಲ್ಲ, ಏನೂ ಇರಲಿಲ್ಲ. ಸುಮ್ಮನೆ ಖುಷಿಗೆ ಓಡುತ್ತಿದ್ದಳು.