ಗೀರಿಗೆ ಶಿಷ್ಯನಾದೆ

ಗೆಳೆಯರೇ, ಇಂಡಿಯಾದಲ್ಲಿ ಸ್ಟೀಲ್ ಗಿಟಾರನ್ನು ಮೊಟ್ಟಮೊದಲು ತೊಡೆಯ ಮೇಲೆ ಮಲಗಿಸಿ ನುಡಿಸಿದವನು ನಾನೇ. ಅಂಥ ನನಗೇ ಇವತ್ತು ಒಬ್ಬರು ಪಾಠ ಹೇಳಿಹೋದರು.

ಎಪ್ಪತ್ತೆರಡನೇ ಇಸವಿಯಲ್ಲಿ ಹಳೆಯ ಮಾಸ್ಟರೊಬ್ಬರ ಗ್ರಾಮಫೋನ್ ಪ್ಲೇಟು ಕೇಳಿ ಕೇಳಿ ಈ ವಿದ್ಯೆ ಕಲಿತೆ. ಅದರಲ್ಲಿ ಒಂದು ಕಡೆ ಸ್ವರ ಠಕ್ಕನೆ ಹಾರುತ್ತದೆ. ಆ ನೆಗೆತಕ್ಕೆ ಆರು ತಿಂಗಳು ಬೆವರು ಸುರಿಸಿದೆ. ಹತ್ತು ವರ್ಷದಿಂದ ಶಿಷ್ಯರಿಗೂ ಕಲಿಸುತ್ತಿದ್ದೇನೆ. ಈಗ ಜಯನಗರದಿಂದ ಮಡಿವಾಳದವರೆಗೆ ಎಲ್ಲ ಆರ್ಕೆಸ್ಟ್ರಾದವರೂ ಹಾಗೇ ನೆಗೆಯುತ್ತಾರೆ.

ಇವತ್ತು ಬನಶಂಕರಿಯ ನನ್ನ ಕ್ಲಾಸಿಗೆ ಅದೇ ಹಾಡು ಕಲಿಯಲು ರಾಯರೊಬ್ಬರು ಪ್ಲೇಟು ಸಮೇತ ಬಂದರು. ನಾನು ನುಡಿಸಿದ್ದು ಕೇಳಿ, "ಈ ಹಾಡಲ್ಲಿ ಜಂಪೇ ಇಲ್ವಲ್ರೀ" ಎಂದರು. ಶಿಷ್ಯರ ಮುಂದೆ ಮರ್ಯಾದೆಯ ಪ್ರಶ್ನೆ.

"ಬೆಟ್ ಕಟ್ತೀರಾ ಸಾರ್?" ಎಂದೆ.

ರಾಯರು ತಮ್ಮ ಪ್ಲೇಟು ಹಾಕಿದರು. ಹಾಡು ಎಲ್ಲೂ ಹಾರಲಿಲ್ಲ. ಆಮೇಲೆ ನನ್ನ ಪ್ಲೇಟನ್ನು ಬೆಳಕಿಗೆ ಹಿಡಿದು, "ಇಲ್ನೋಡಿ, ಎಷ್ಟುದ್ದ ಗೀರು! ಹಾರಿರೋದು ನಿಮ್ಮ ಪಿನ್ನು, ಮಾಸ್ಟರಲ್ಲ" ಎಂದರು.

ನನ್ನ ಹಿರಿಯ ಶಿಷ್ಯ ಕಿವಿಯಲ್ಲಿ ಪಿಸುಗುಟ್ಟಿದ: "ಮೇಷ್ಟ್ರೇ, ಅವರ ಪ್ಲೇಟೇ ಡ್ಯಾಮೇಜ್ ಅನ್ಸುತ್ತೆ."

ಮನೆಯಲ್ಲಿ ಐದು ರೂಪಾಯಿ ಸೋತೆ ಅಂದಿದ್ದೇನೆ. ನಿಜವಾಗಿ ಎಣಿಸಿ ಕೊಟ್ಟದ್ದು ಅರವತ್ತು, ಇಡೀ ಕ್ಲಾಸಿನ ಈ ತಿಂಗಳ ಫೀಸು.